ಭಟ್ಟರನ್ನು ಹೆಸರು ಹಿಡಿದು ಕರೆದದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನಮ್ಮ ಚಿಕ್ಕಪ್ಪನ ಮಗಳು ಸುಚಿತಾಗೆ ಆದದ್ದು. ಹೋದ ವರ್ಷ, ಕರ್ಕಿ ಊರಲ್ಲಿ. ಕೆಲಸ ಮುಗಿಸಿ ಆಲದಮರದ ಬಾವಿ ಹಾದು ಮನೆಗೆ ಹೊರಟಿದ್ದಳು, ಹೊತ್ತಾಗಿತ್ತು. ಒಬ್ಬಳೇ ಹೋಗುವುದು ಬೇಡ ಎಂದು ಬ್ಯಾಟರಿ ಹಿಡಿದು ಜೊತೆಗೆ ಬಂದವರು ಮಹಾಗಣಪತಿ ಭಟ್ಟರು. ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವರು. ತಮ್ಮ ಕತೆ ಪುಸ್ತಕ ಆಗಬೇಕೆಂದು ಅವರು ಹೇಳಿ ಬರೆಸುತ್ತಿದ್ದರು, ಇವಳು ಅವರ ಮನೆಗೆ ಹೋಗಿ ಟೈಪು ಮಾಡುತ್ತಿದ್ದಳು.

ಅಂಥ ಪುಸ್ತಕ ಅವರ ಕಪಾಟಿನ ತುಂಬ ಇವೆ, ದೇಶದೇಶದ ಪೈಲಟ್ಟುಗಳು ಬರೆದದ್ದು. ಎಲ್ಲರೂ ತಾವು ಶತ್ರುವನ್ನು ಹೊಡೆದದ್ದನ್ನೇ ಬರೆದಿದ್ದಾರೆ ಎಂದು ಗೊಣಗುವರು. ಆ ಸಂಜೆ ಮಾತ್ರ ಅವರೇ ಬೇರೆಯದು ಹೇಳಿದ್ದರು.

ಮುಸ್ಸಂಜೆಯಲ್ಲಿ ಎರಡು ವಿಮಾನ ವಾಪಸು ಬರುತ್ತಿದ್ದವಂತೆ. ರೇಡಿಯೋದಲ್ಲಿ ಗುಟ್ಟಿನ ಹೆಸರೇ ಬಳಸಬೇಕು. ಆದರೆ ಬೆನ್ನಿಗೆ ಶತ್ರು ಬಿದ್ದಾಗ ಹಿಂದಿನ ವಿಮಾನದ ಹುಡುಗ ಹೆದರಿ ಇವರ ಹೆಸರು ಹಿಡಿದೇ ಕರೆದ. ನಮ್ಮ ಕಡೆ ಗೊತ್ತಲ್ಲ... ಕತ್ತಲಲ್ಲಿ ಒಂದೇ ಸಲ ಕರೆದರೆ ಓಗೊಡಬಾರದು, ದೆವ್ವ ಕರೆಯುವುದು ಒಂದೇ ಸಲ. ಭಟ್ಟರು ಸಣ್ಣವರಿದ್ದಾಗಲೇ ಹೆತ್ತ ಆಯಿ ತಲೆಗೆ ತುಂಬಿದ್ದು. ಭಟ್ಟರ ನಾಲಿಗೆ ಏಳಲಿಲ್ಲ. ಇನ್ನೊಮ್ಮೆ ಕರೆಯಲಿ ಎಂದು ಕಾದರು. ಕರೆಯಲಿಲ್ಲ. ತಿರುಗಿ ನೋಡಿದರೆ ಬರೀ ಹೊಗೆ.

ಇದನ್ನೆಲ್ಲ ಪೇಪರು ಓದಿದ ಹಾಗೆ ಹೇಳಿದರಂತೆ. ಅಳಲಿಲ್ಲ. ಸುಚಿತಾಗೂ ಅಳು ಬರಲಿಲ್ಲ, ಟೈಪು ಮಾಡುತ್ತಲೇ ಇದ್ದಳು. ಸಾಯುವುದರೊಳಗೆ ಆ ಹುಡುಗನಿಗೊಂದು ಉತ್ತರ ಕೊಡಬೇಕು, ಬೇರೆ ಎಂತದೂ ಬೇಡ ಅಂದರಂತೆ.

ಅದಾದ ಮೇಲೆ ಹೊರಟ ಇಬ್ಬರೂ ಬಾವಿಕಟ್ಟೆ ಹತ್ತಿರ ಬಂದರು. ಜೀರುಂಡೆಗಳು ಗಪ್ಪನೆ ನಿಂತವು. ಬಾವಿಯೊಳಗಿಂದ... ಕರ್ ರ್ ರ್... ಟಕ್. ರೇಡಿಯೋದಲ್ಲಿ ಸ್ಟೇಷನ್ ಹುಡುಕುವಾಗ ಬರುತ್ತದಲ್ಲ, ಹಾಗೆ. ಆಮೇಲೆ ಒಂದು ಎಳೆಯ ಗಂಡುದನಿ.

"ಗಣಪತೀ..."

ಭಟ್ಟರು ಬಾಯಿ ತೆರೆದರು. ಸುಚಿತಾ ಆ ಬಾಯಿಗೆ ಕೈ ಅಡ್ಡ ಹಿಡಿದಳು. ಯೋಚಿಸಿ ಮಾಡಿದ್ದಲ್ಲ. ನಾವು ಯಾರಿದ್ದರೂ ಅದನ್ನೇ ಮಾಡುತ್ತಿದ್ದೆವು.

"ಒಂದೇ ಸಲ ಕರೆದದ್ದು ಭಟ್ರೇ... ಓಗೊಡಬೇಡಿ."

ಇಬ್ಬರೂ ಕಾದರು. ಟಕ್... ಅಷ್ಟೇ. ಜೀರುಂಡೆ ಮತ್ತೆ ಶುರುವಾದವು.

ಭಟ್ಟರು ಅವಳ ಕೈಯನ್ನು ಮೆಲ್ಲಗೆ ಇಳಿಸಿದರು.

"ಆತು ತಂಗೀ. ನಡೆ, ನಿನ್ನ ಮನೆಗೆ ಬಿಟ್ಟಿಕ್ಕಿ ಬತ್ತೆ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ ಸುಚಿತಾ, ಈಗಲೂ.

ಪುಸ್ತಕ ಅಲ್ಲಿಗೇ ನಿಂತಿದೆ. ಭಟ್ಟರು ದಿನಾ ಸಂಜೆ ಬಾವಿಕಟ್ಟೆ ಮೇಲೆ ಕೂರುತ್ತಾರೆ. ಯಾರೂ ಕರೆಯುವುದಿಲ್ಲ, ಇವರು ಸುಮ್ಮನೆ ಓ... ಓ... ಅನ್ನುತ್ತಾರೆ. ಆ ರಾತ್ರಿಯ ಮರುದಿನದಿಂದಲೇ ಬಾವಿ ನೀರಿಗೆ ಸೀಮೆಎಣ್ಣೆ ವಾಸನೆ. ಫೈಟರ್ ವಿಮಾನಕ್ಕೆ ಹಾಕುವುದೂ ಅಂಥದೇ ಎಣ್ಣೆಯಂತೆ. ಊರವರು ಪಂಪು ಹಚ್ಚಿ ಬರಿದು ಮಾಡಿಸಿದರು, ತಳದಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಹೊಸ ಒರತೆ ಬಂತು, ಅದಕ್ಕೂ ಅದೇ ವಾಸನೆ. ಸುಳ್ಳಲ್ಲ ಮಾರಾಯ್ರೆ, ಕೊಡಪಾನ ಎತ್ತಿ ನಾನೇ ಮೂಸಿ ನೋಡಿದ್ದೇನೆ.