ಕೆಂಪು ಬಣ್ಣದ ಕೆಳಗಿನ ನಂಬರು

ಹುಬ್ಬಳ್ಳಿಗೆ ಹೊರಟ ಬಸ್ಸು ಧಾರವಾಡದಲ್ಲೇ ತುಂಬಿತ್ತು. ಕಿಟಕಿಗೆ ತಲೆಯಾನಿಸಿ ಕೂತ ಸುಕನ್ಯಾಳ ಕಿವಿಗೆ ಹಿಂದಿನ ಸೀಟಿನ ಇಬ್ಬರ ಮಾತು ಬೇಡವೆಂದರೂ ಬೀಳುತ್ತಿತ್ತು. ಒಬ್ಬ ಹೆಬ್ಬಳ್ಳಿಯ ರೈತ ಗುರುಶಿದ್ದಪ್ಪ. ಇನ್ನೊಬ್ಬ ಅಮರಗೋಳದಲ್ಲಿ ಹಳೇ ಟ್ರ್ಯಾಕ್ಟರಿನ ಸಾಮಾನು ಮಾರುವ ಹನಮೇಶ.

“ಮೇವು ಹೇರೋ ಮಷೀನಿನ ಹಲ್ಲು ಮುರದಾವ, ಹನಮೇಶ. ಅಂಥಾವು ಎಲ್ಲೆರ ಸಿಗತಾವೇನು?”

“ಯಾವ ಕಂಪನಿದರಿ, ಕಾಕಾ?”

“ಯಾರಿಗೆ ಗೊತ್ತು. ನಮ್ಮಪ್ಪನ ಕಾಲದಾಗ ಟ್ರ್ಯಾಕ್ಟರ ಜೋಡಿನ ಬಂದದ್ದು.”

“ಮಗ್ಗಲಿಗೆ ಹೆಸರು, ನಂಬರು ಇರೋ ಪಟ್ಟಿ ಇರತೈತಲ್ರಿ?”

“ಐತಿ. ವರ್ಷಾ ಆಯುಧ ಪೂಜಾಕ್ಕ ಕೆಂಪು ಬಣ್ಣ ಬಳದು ಬಳದು ಮುಚ್ಚಿ ಹೋಗೇತಿ.”

“ಕೆರದು ನೋಡ್ರಿ ಮತ್ತ. ನಂಬರ್ ಇಲ್ಲದ ನಾ ಏನಂತ ಹುಡುಕಲಿ?”



“ಹೋದ ವರ್ಷ ಬಣ್ಣ ನನ್ನ ತಮ್ಮ ಮಾಲತೇಶ ಹಚ್ಚಿದ್ದ. ಆರೂತನಕ ತಡೀಲಿಲ್ಲ. ಆ ಪಟ್ಟಿ ಮ್ಯಾಲ ಮೂರು ಬೆರಳಲೆ ವಿಭೂತಿ ಎಳದ. ಬೆರಳಿನ ಗೆರಿ ಹಸೀ ಬಣ್ಣದಾಗ ಹಂಗ ಕುಂತಾವ.”

“ಮಾಲತೇಶ ತೀರಿಕೊಂಡಿದ್ದು ಆ ದೀಪಾವಳಿಗೆ ಅಲ್ಲೇನ್ರಿ?”

“ಹೂಂ.”

ಕಂಡಕ್ಟರ್ ಅಮರಗೋಳ ಎಂದು ಕೂಗಿದ. ಇಬ್ಬರೂ ಎದ್ದರು.

“ಹಂಗಾರ ಹಲ್ಲು ಹುಡುಕೂದು ಬ್ಯಾಡೇನ್ರಿ?”

“ಬ್ಯಾಡ. ಕೈಲೆ ಹೇರತೇನಿ.”

“ನೀವು ಕೆಳಗಿಂದ ಮೇವು ಒಗದ್ರ ಟ್ರೇಲರ ಮ್ಯಾಲ ನಿಂತು ತುಳ್ಯಾಕ ಒಬ್ಬ ಬೇಕಲ್ರಿ, ಕಾಕಾ.”

“ಒಂದೀಟು ಒಗೀತೇನಿ. ನಾನ ಮ್ಯಾಲ ಏರಿ ತುಳೀತೇನಿ. ಮತ್ತ ಇಳೀತೇನಿ,” ಎನ್ನುತ್ತ ಗುರುಶಿದ್ದಪ್ಪ ಮೆಟ್ಟಿಲಿಳಿದ.