ಕೈ ಎತ್ತಿದ ಹುಡುಗ

ದೀಪ ಸ್ವಲ್ಪ ಸಣ್ಣ ಮಾಡಿ. ನಗೋರು ಈಗಲೇ ನಕ್ಕು ಮುಗಿಸಿ... ಆಮೇಲೆ ಬಾಗಿಲು ಹಾಕೋಕೂ ಒಬ್ಬೊಬ್ಬರೇ ಏಳಲ್ಲ ನೀವು.

ಇದು ನನ್ನ ದೊಡ್ಡಪ್ಪನ ಮಗಳಿಗೆ ಆಗಿದ್ದು. ಗಣಿತದ ಮಿಸ್ಸು ಅವಳು. ಅಂಜುಬುರುಕಿ ಅಲ್ಲವೇ ಅಲ್ಲ, ಅವಳು ಕಣ್ಣು ಬಿಟ್ಟರೆ ನಮ್ಮ ಭಾವನೇ ಗಪ್‌ಚಿಪ್. ಅವತ್ತು ಪರೀಕ್ಷೆ ಪೇಪರು ತಿದ್ದಿ ಶಾಲೆಯಿಂದ ಹೊರಡೋ ಹೊತ್ತಿಗೆ ಕತ್ತಲು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಶಾಲೆ ಹಿಂದೆ ಒಂದು ಪಾಳುಬಾವಿ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕ ಬರ್ತಿದ್ದ ಹಾಗೆ...

ಟುಳುಕ್.

ಅಕ್ಕ ನಿಂತಳು. ಆ ಸದ್ದು ಅವಳಿಗೆ ಗೊತ್ತು. ಸಂಜೆ ಹೊತ್ತು ಕಂಪ್ಯೂಟರಿನಲ್ಲಿ ಪಾಠ ಮಾಡ್ತಿದ್ದಳಲ್ಲ, ಮಕ್ಕಳು ಅವರವರ ಮನೇಲಿ, ಇವಳು ಇವಳ ಮನೇಲಿ. ಎಲ್ಲರ ಮೈಕೂ ಬಂದ್. ಏನಾದರೂ ಕೇಳಬೇಕಿದ್ದರೆ ಒಂದು ಗುಂಡಿ ಒತ್ತಬೇಕು. ಟುಳುಕ್ ಅಂತ ಸದ್ದಾಗಿ ಪರದೆ ಮೇಲೆ ಪುಟ್ಟ ಹಳದಿ ಕೈ ಏಳುತ್ತೆ. ಮಿಸ್ ಅಪ್ಪಣೆ ಕೊಡದೆ ಯಾರೂ ಜಾಗ ಬಿಟ್ಟು ಏಳೋ ಹಾಗಿಲ್ಲ, ಅದು ಅಕ್ಕನದೇ ಕಾನೂನು. ತರಲೆ ಮಕ್ಕಳು ಸುಮ್ಮಸುಮ್ಮನೆ ಕೈ ಎತ್ತೋವು. ಎಲ್ಲ ಕೈಗಳನ್ನೂ ಒಂದೇ ಸಲ ಕೆಳಗಿಳಿಸೋಕೆ ಮಿಸ್ಸಿಗೂ ಒಂದು ಗುಂಡಿ ಇದೆ. ಇವಳು ಅದನ್ನ ಒತ್ತಿ ಪಾಠ ಮುಂದುವರಿಸೋಳು.

ಬ್ಯಾಗಿನಿಂದ ಫೋನ್ ತೆಗೆದು ನೋಡಿದಳು. ಚಾರ್ಜ್ ಮುಗಿದು ಮಧ್ಯಾಹ್ನವೇ ಆಫ್ ಆಗಿತ್ತು.

ಟುಳುಕ್...

ಸದ್ದು ಬಾವಿಯೊಳಗಿಂದ. ಅದರ ಹಿಂದೆಯೇ ಇನ್ನೊಂದು... ಸುಂಯ್... ಸುಂಯ್... ಉಸಿರು ಸಿಗದೆ ಎದೆ ಸಿಳ್ಳೆ ಹಾಕುತ್ತಲ್ಲ, ಹಾಗೆ.

ಯಾರು ಅಂತ ಅಕ್ಕನಿಗೆ ಗೊತ್ತಾಯ್ತು. 

ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ, ಎಲ್ಲರೂ ಗುಬ್ಬಿ ಅಂತಿದ್ದರು. ಉಬ್ಬಸ ಅವನಿಗೆ. ಹೇಳಿದ ಮಾತು ಮೀರದ ಮಗು. ಚಳಿಗಾಲದ ಒಂದು ಸಂಜೆ ಪಾಠದ ನಡುವೆ ಉಸಿರು ಕಟ್ಟಿತು. ಔಷಧಿ ಪಕ್ಕದ ಕೋಣೇಲಿ, ಅಮ್ಮ ಇನ್ನೂ ಕೆಲಸದಿಂದ ಬಂದಿಲ್ಲ. ಅವನು ಕೈ ಎತ್ತಿದ. ಅಕ್ಕ ಇಳಿಸಿದಳು. ಮತ್ತೆ ಎತ್ತಿದ. ಈ ಸಲ ಅವನ ಹೆಸರು ಕಣ್ಣಿಗೂ ಬಿತ್ತು. ಆದರೂ ಇಳಿಸಿ, "ತಮಾಷೆ ಸಾಕು" ಅಂತ ಗದರಿದಳು ಬೇರೆ. ಅವನು ಅಪ್ಪಣೆಗೆ ಕಾಯ್ತಾ ಕೂತ... ಕೂತಲ್ಲೇ ಹೋಗಿಬಿಟ್ಟ.

ಅವನು ಕೈ ಎತ್ತಿದ್ದು, ಇವಳು ಇಳಿಸಿದ್ದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ತಾಯಿ ಅಕ್ಕನ ಕೈ ಹಿಡ್ಕೊಂಡು, "ಕೊನೇ ತನಕ ನಿಮ್ಮ ದನಿ ಅವನ ಕಿವಿಗೆ ಬೀಳ್ತಿತ್ತು ಮಿಸ್, ಅಷ್ಟಾದ್ರೂ ಆಯ್ತಲ್ಲ" ಅಂದಿದ್ದರು. ಅಕ್ಕ ಬಾಯಿ ಬಿಡಲಿಲ್ಲ. ಅವತ್ತಿನಿಂದ ಅವಳು ಅರ್ಧ ಊಟಕ್ಕೇ ಎದ್ದುಬಿಡೋಳು. ನಾವು ಮೈ ಸರಿಯಿಲ್ಲ ಅಂದ್ಕೊಂಡಿದ್ವಿ.

ಮನೇಲಿ ತೀರಿಕೊಂಡ ಮಗು ಬಾವೀಲಿ ಹೇಗೆ ಅಂತ ನನ್ನ ಕೇಳಬೇಡಿ... ಅಕ್ಕ ಜಾಲರಿ ಹತ್ತಿರ ಬಗ್ಗಿದಳು.

"ಗುಬ್ಬೀ... ಹೇಳು ಕಂದಾ."

ಸುಂಯ್... "ಎದ್ದು ಹೋಗ್ಲಾ ಮಿಸ್?"

"ಹೋಗು... ಓಡು ನನ್ನಪ್ಪಾ. ನನ್ನದೇ ತಪ್ಪು."

ಸಿಳ್ಳೆ ನಿಂತಿತು. ಬರಿಗಾಲಿನ ಸದ್ದು... ಟಪ ಟಪ ಟಪ... ದೂರ ದೂರ ಹೋಗಿ, ಇಲ್ಲವಾಯ್ತು.

ಬೆಳಿಗ್ಗೆ ನನ್ನನ್ನೂ ಎಳ್ಕೊಂಡು ಆ ತಾಯಿ ಮನೆಗೆ ಹೋದಳು. ಎರಡು ಸಲ ಕೈ ಇಳಿಸಿದ್ದು, ಗದರಿದ್ದು, ಎಲ್ಲ ಹೇಳಿದಳು. ಬಾವಿ ಮಾತು ಮಾತ್ರ ಎತ್ತಲಿಲ್ಲ. ಆ ತಾಯಿ ಬಯ್ಯಲಿಲ್ಲ. ಎದ್ದು ಹುಡುಗನ ಕೋಣೆ ಬಾಗಿಲು ತೆಗೆದರು.

"ಅವನು ಹೋದ ದಿನ ನಾನೇ ಈ ಕುರ್ಚಿನ ಮೇಜಿನಡಿಗೆ ತಳ್ಳಿ ಕೋಣೆಗೆ ಬೀಗ ಹಾಕಿದ್ದು. ನಿನ್ನೆ ರಾತ್ರಿ ಒಳಗೆ ಕಿರ್ರ್ ಅಂತು. ಬಂದು ನೋಡಿದ್ರೆ... ಹೀಗಿದೆ."

ಕುರ್ಚಿ ಹಿಂದಕ್ಕೆ ಸರಿದಿತ್ತು, ಅವಸರದಲ್ಲಿ ಎದ್ದು ಹೋದೋರು ಬಿಟ್ಟ ಹಾಗೆ. ಕೋಣೆಗೆ ಬಿಸಿಲಿಲ್ಲ, ಕಿಟಕಿ ಮುಚ್ಚಿತ್ತು. ಸುಳ್ಳು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ, ಈ ಕೈಯಲ್ಲೇ ಮುಟ್ಟಿ ನೋಡಿದೆ.

ಕೂತ ಜಾಗ ಬೆಚ್ಚಗಿತ್ತು.