ಮಣ್ಣು ಮೆತ್ತುವ ಕಪ್ಪೆ ಮತ್ತು ಕುಂಬಾರ ಸೂರಪ್ಪ

ಕೇಳ್ರಪ್ಪಾ ಕೇಳಿ, ಕೇಳ್ರವ್ವಾ ಕೇಳಿ. ಕಾಲು ನೀಡಿ ಕೂತ್ಕೊಳ್ಳಿ. ಹೂಂಗುಡೋರು ಗಟ್ಟಿಯಾಗಿ ಹೂಂಗುಡಿ. ಇಲ್ದಿದ್ರೆ ನಾನು ಕತೆ ಅರ್ಧಕ್ಕೆ ಬಿಟ್ಟು ಎಲೆ ಅಡಿಕೆ ಹಾಕ್ಕೊಂಡು ಕೂತುಬಿಡ್ತೀನಿ.

ನಮ್ಮಜ್ಜಿಯ ಅಜ್ಜಿಗೆ ಹಾಲುಹಲ್ಲು ಮೂಡೋಕ್ಕೂ ಮುಂಚೆ, ಮೋಡಕ್ಕೆ ತಲೆ ತಾಗಿಸ್ಕೊಂಡು ನಿಂತ ಬೆಟ್ಟಗಳ ನಡುವೆ ಒಂದು ಊರಿತ್ತು. ಯಾವ ಊರು ಅಂತೀರಾ? ಹೆಸರು ಕಟ್ಕೊಂಡು ನಿಮಗೇನಾಗಬೇಕು? ಆ ಊರಲ್ಲಿ ಒಬ್ಬ ಕುಂಬಾರ ಇದ್ದ. ಹೆಸರು ಸೂರಪ್ಪ. ಅವನ ಹೆಂಡತಿ ಪುಟ್ಟೀರಿ. ಅವರಿಗೆ ಒಂದೂವರೆ ವರ್ಷದ ಒಬ್ಬಳು ಮಗಳು.

ಸೂರಪ್ಪನ ಕೈ ಒಳ್ಳೇ ಕೈ. ಸುಳ್ಳು ಯಾಕೆ ಹೇಳ್ಲಿ? ಆದರೆ ಅದು ಒಳ್ಳೇ ಕೈ ಅಂತ ಊರು ಹೇಳೋಕ್ಕೂ ಮುಂಚೆ ಅವನೇ ಹೇಳ್ಕೋತಿದ್ದ. ಮಡಕೆ ಮಾಡಿದಾಗ ಹೇಳ್ತಿದ್ದ. ಕುಡಿಕೆ ಮಾಡಿದಾಗ ಹೇಳ್ತಿದ್ದ. ಏನೂ ಮಾಡದೆ ಜಗಲಿ ಮೇಲೆ ಕೂತಾಗ ಇನ್ನೂ ಜೋರಾಗಿ ಹೇಳ್ತಿದ್ದ. "ಈ ಸೀಮೇಲಿ ಮಣ್ಣಿನ ಮರ್ಮ ತಿಳಿದೋನು ನಾನೊಬ್ಬನೇ!" ಪುಟ್ಟೀರಿ ಮಣ್ಣು ತುಳೀತಾ, ನೀರು ಹೊರ್ತಾ, ಒಲೆ ಊದ್ತಾ, "ಹೂಂ, ನೀನೊಬ್ಬನೇ" ಅಂತಿದ್ಲು. ಯಾಕೆ ನಗ್ತೀರಿ ಗಂಡಸ್ರು? ನಿಮ್ಮ ಮನೆ ಸುದ್ದಿ ಇನ್ನೂ ಶುರು ಮಾಡಿಲ್ಲ ನಾನು.

ಆಗ ಮುಂಗಾರಿನ ನಾಲ್ಕು ಹನಿ ಬಿದ್ದಿತ್ತು. ಮಳೆ ಹಿಡ್ಕೊಂಡ್ರೆ ಕುಂಬಾರನಿಗೆ ಕೆಲಸವಿಲ್ಲ. ಅದಕ್ಕೇ ಸೂರಪ್ಪ ಮಡಕೆ ಸುಡೋಕೆ ವರ್ಷದ ಕೊನೇ ಆವಿಗೆ ಒಟ್ಟಿದ್ದ. ಹಸಿ ಮಡಕೆಗಳ್ನ ಸುತ್ತಲೂ ಜೋಡಿಸಿ, ಸೌದೆ ತುಂಬಿ, ಸಂಜೆಗೆ ಬೆಂಕಿ ಕೊಡೋದು ಅಂತ. ಮೇಲೆ ಬಳಿಯೋಕೆ ಒಂದಿಷ್ಟು ನುಣ್ಣನೆ ಮಣ್ಣು ಬೇಕಾಗಿತ್ತು. ಬೆಳಿಗ್ಗೆ ಎದ್ದೋನೇ ಕಾಡಿನ ಹಳ್ಳಕ್ಕೆ ಹೋದ.

ಹೋಗಿ ನೋಡ್ತಾನೆ, ನೀರಿನ ಮೇಲೆ ಬಾಗಿದ ಒಂದು ಕಡ್ಡಿ. ಕಡ್ಡಿ ತುದೀಲಿ ನೆಲ್ಲಿಕಾಯಿ ಗಾತ್ರದ ಒಂದು ಮಣ್ಣುಂಡೆ. ಸುಮ್ನೆ ಅಂಟಿದ ಮಣ್ಣಲ್ಲ, ಕೈಯಿಟ್ಟು ಮೆತ್ತಿದ ಮಣ್ಣು. ಸೂರಪ್ಪ ಮುಟ್ಟಿ ನೋಡಿದ. ಕಲ್ಲಿಲ್ಲ. ತಟ್ಟಿ ನೋಡಿದ. ಬಿರುಕಿಲ್ಲ. ಮೂಸಿ ನೋಡಿದ. ಕೊಳೆತ ಬೇರುನಾರಿನ ವಾಸನೆಯೂ ಇಲ್ಲ. ಅವನ ಹೊಟ್ಟೇಲಿ ಕೆಂಡ ಇಟ್ಟಂಗಾಯ್ತು.

"ಯಾವನೋ ಪರವೂರ ಕುಂಬಾರ ನನ್ನ ಹಳ್ಳಕ್ಕೇ ಬಂದು ಮಾದರಿ ಮೆತ್ತಿ ಹೋಗಿದಾನೆ! ನಂಗೇ ಸವಾಲು! ಇರಲಿ, ಆವಿಗೇಲಿಟ್ಟು ಸುಡ್ತೀನಿ. ಬಿರಿಯುತ್ತೋ ಬಿಡುತ್ತೋ ಬೆಂಕೀನೇ ಹೇಳ್ಲಿ."

ಬೇರೆ ಯಾರಾದ್ರೂ ಆಗಿದ್ರೆ ಏನ್ ಮಾಡ್ತಿದ್ರು? ನೀವಾಗಿದ್ರೆ? ಯಾವುದೋ ಹುಳುವಿನ ಗೂಡು ಅಂದ್ಕೊಂಡು ಬಿಟ್ಟು ಬರ್ತಿದ್ರಿ. ಕುಂಬಾರ ಕುಂಬಾರನ ಥರಾನೇ ಯೋಚನೆ ಮಾಡ್ದ. ಕಡ್ಡಿ ಮುರಿದು, ರುಮಾಲಿಗೆ ಸಿಗಿಸ್ಕೊಂಡು, ಮನೆಗೆ ಬಂದು, ಆವಿಗೆ ನೆತ್ತಿ ಮೇಲೆ ಒಂದು ಕುಡಿಕೇಲಿಟ್ಟ.

ಮಧ್ಯಾಹ್ನ ಗಿರಾಕಿಗಳು ಬಂದ್ರು. ಹಿಂದಿನ ಆವಿಗೇಲಿ ಸುಟ್ಟ ಮಡಕೆಗಳು ಅಂಗಳದಲ್ಲಿದ್ವು. ಮೊದಲು ಒಬ್ಬಳು ಮುದುಕಿ ಬಂದ್ಲು, ಅಂಬಲಿ ಗಡಿಗೆ ಬೇಕು ಅಂತ. ಒಂದು ಗಡಿಗೆ ಎತ್ತಿ ಬೆರಳಿಂದ ಬಾರಿಸಿದ್ಲು. ಒಳ್ಳೇ ಗಡಿಗೆ ಏನನ್ನಬೇಕು? ಠಣ್ ಅನ್ನಬೇಕು. ಇದು ಏನಂತು?

"ಟೊಕ್."

"ಬಿರುಕು ಬಿಟ್ಟಿದೆ ಕಣೋ ಸೂರಪ್ಪ!" ಅಂದು ಮುದುಕಿ ಎದ್ದು ಹೋದ್ಲು.

ಆಮೇಲೆ ಮದುವೆಮನೆ ಯಜಮಾನ ಬಂದ. ಮದುವೆಗೆ ಚಿತ್ತಾರದ ಐರಣಿ ಮಡಕೆ ಬೇಕು ಅಂತ. ಒಂದನ್ನ ಬಾರಿಸಿದ. "ಟೊಕ್." ಇನ್ನೊಂದನ್ನ ಬಾರಿಸಿದ. "ಟೊಕ್." ಅವನ ಮುಖ ಹುಣಸೇಹಣ್ಣು ತಿಂದಂಗಾಯ್ತು. "ಒಡಕು ಮಡಕೆ ಇಟ್ಟು ಮಗಳ ಮದುವೆ ಮಾಡ್ಲೇನಯ್ಯಾ?" ಅಂದು ಅವನೂ ಹೊರಟ.

ಸೂರಪ್ಪ ಅಂಗಳಕ್ಕೆ ಇಳಿದ. ತಾನೇ ಬಾರಿಸಿದ. ಟೊಕ್. ದೊಡ್ಡದನ್ನ ಬಾರಿಸಿದ. ಟೊಕ್. ಚಿಕ್ಕದನ್ನ ಬಾರಿಸಿದ. ಟೊಕ್. "ಪುಟ್ಟೀರೀ! ಯಾರೋ ಮಾಟ ಮಾಡ್ಸಿದಾರೆ ಕಣೇ!"

ಪುಟ್ಟೀರಿ ಕೈ ಒರೆಸ್ಕೊಂಡು ಬಂದ್ಲು. ಅವಳೂ ಬಾರಿಸಿದ್ಲು. ಟೊಕ್. ಆದರೆ ಅವಳು ಮಾಟ ಅನ್ನಲಿಲ್ಲ, ಮಂತ್ರ ಅನ್ನಲಿಲ್ಲ. ಒಂದೊಂದೇ ಮಡಕೆ ಎತ್ತಿ ಒಳಗೆ ಇಣುಕಿದ್ಲು. ಮೂರನೇ ಮಡಕೆ ತಳದಲ್ಲಿ ಹೆಬ್ಬೆರಳು ಗಾತ್ರದ, ಮಣ್ಣಿನ ಬಣ್ಣದ ಒಂದು ಕಪ್ಪೆ ಕೂತಿತ್ತು.

"ನಿನ್ನ ಮಾಟ ಇಲ್ಲಿ ಕೂತಿದೆ ನೋಡು" ಅಂದ್ಲು.

"ಯಾರೋ ನೀನು? ನನ್ನ ವ್ಯಾಪಾರ ಯಾಕೋ ಕೆಡಿಸ್ತೀಯಾ?" ಅಂದ ಸೂರಪ್ಪ.

"ನಾನೂ ಕುಂಬಾರನೇ" ಅಂತು ಕಪ್ಪೆ. "ಆಗಿನಿಂದ ಅಂಗಳದಲ್ಲಿ ನಿಂತು ಕೂಗಿದೆ. ನೀನು ನಿನ್ನನ್ನೇ ಹೊಗಳ್ಕೊಳ್ಳೋ ಗದ್ದಲದಲ್ಲಿ ನನ್ನ ದನಿ ಯಾರಿಗೆ ಕೇಳ್ಬೇಕು? ಅದಕ್ಕೇ ಮಡಕೆ ಒಳಗೆ ಇಳಿದು, ಯಾರು ಯಾವುದನ್ನ ಬಾರಿಸಿದ್ರೂ ಟೊಕ್ ಅಂತ ಕೂಗಿದೆ. ಬೆಳಿಗ್ಗೆ ಹಳ್ಳದಿಂದ ಕದ್ದು ತಂದೆಯಲ್ಲ, ಅದನ್ನ ಕೊಡು."

"ಓಹೋ! ಅದನ್ನ ಮೆತ್ತಿದೋನು ನೀನೋ? ಇಷ್ಟೇ ಇಷ್ಟು ಇದೀಯ, ನೀನು ನನ್ನ ಜೊತೆ ಪೈಪೋಟಿಗೆ ಬಂದ್ಯಾ? ಒಂದು ಮಣ್ಣುಂಡೆಗೆ ಇಷ್ಟು ರಂಪವೇನೋ?"

"ಮಣ್ಣುಂಡೆ ಅಲ್ಲಪ್ಪ. ಅದರೊಳಗೆ ನನ್ನ ಮಕ್ಕಳಿದಾವೆ."

ಸೂರಪ್ಪನ ಕಣ್ಣು ಆವಿಗೆ ಮೇಲೆ ಹೋಯ್ತು. ಸಂಜೆಯಾಗಿದ್ರೆ ಅವನೇ ಬೆಂಕಿ ಕೊಡ್ತಿದ್ದ. ಅವನಿಗೆ ನಾಚಿಕೆಯೂ ಆಯ್ತು, ಭಯವೂ ಆಯ್ತು.

ಕಪ್ಪೆ ಹೇಳ್ತು, "ಹಾರೋ ಓತಿಕ್ಯಾತ ಮರದಿಂದ ಮರಕ್ಕೆ ಹಾರಿ ನಿಮ್ಮನೆ ದಾರಿ ತೋರಿಸ್ತು. ನಾನು ಕೆಳಗೆ ಕುಪ್ಪಳಿಸ್ಕೊಂಡು ಬಂದೆ. ಬಿದಿರುಮೆಳೇಲಿ ಹಸಿರು ಹಾವು ಬಾಯಿ ತೆರೀತು, ತಪ್ಪಿಸ್ಕೊಂಡೆ. ಗದ್ದೇಲಿ ಕೊಕ್ಕರೆ ಕತ್ತು ಚಾಚ್ತು, ತಪ್ಪಿಸ್ಕೊಂಡೆ. ನಿಮ್ಮ ಹಿತ್ತಲಲ್ಲಿ ನಿಮ್ಮದೇ ಹುಂಜ ಅಟ್ಟಿಸ್ಕೊಂಡು ಬಂತು, ಅದರಿಂದ ತಪ್ಪಿಸ್ಕೊಳ್ಳೋದೇ ಕಷ್ಟವಾಯ್ತು."

ಪುಟ್ಟೀರಿ ಕೇಳಿದ್ಲು, "ಪಾಪ, ಇವುಗಳ ಅವ್ವ ಎಲ್ಲಿ?"

"ಮೊಟ್ಟೆ ಇಟ್ಟು ಹೋದ್ಲು. ನಮ್ಮಲ್ಲಿ ಹಂಗೇ, ತಾಯೀ. ಇಡೋದು ಅವಳ ಕೆಲಸ. ಮಣ್ಣು ಮೆತ್ತಿ ಕಾಯೋದು ಅಪ್ಪನ ಕೆಲಸ."

"ಏನಂದೆ? ಇನ್ನೊಂದ್ಸಲ ಹೇಳು" ಅಂದ್ಲು ಪುಟ್ಟೀರಿ.

"ಕಾಯೋದು ಅಪ್ಪನ ಕೆಲಸ."

"ಸ್ವಲ್ಪ ಗಟ್ಟಿಯಾಗಿ ಹೇಳು."

"ಅಪ್ಪನ ಕೆಲಸ!"

"ಆಯ್ತು, ಆಯ್ತು, ಕೇಳಿಸ್ತು!" ಅಂತ ಸೂರಪ್ಪ ಆವಿಗೆ ಹತ್ತಿ ಕುಡಿಕೆ ಇಳಿಸಿದ. ನೋಡಿದರೆ ಬಿಸಿಲಿಗೆ ಮಣ್ಣು ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕಪ್ಪೆ ಅವನ ಹೆಗಲಿಗೆ ಹಾರ್ತು. "ಒಣಗಿದರೆ ಸತ್ತುಹೋಗ್ತಾವೆ. ಓಡು!"

ಓಡಿದ ಸೂರಪ್ಪ. ಒಂದು ಕೈಲಿ ಕುಡಿಕೆ, ಹೆಗಲ ಮೇಲೆ ಕಪ್ಪೆ. ಆವಿಗೆ ಮರೆತ, ಗಿರಾಕಿ ಮರೆತ, ಜಾರಿಬಿದ್ದ ರುಮಾಲನ್ನೂ ಎತ್ತಿಕೊಳ್ಳಲಿಲ್ಲ. ಹಳ್ಳಕ್ಕೆ ಬಂದು ಕಡ್ಡೀನ ಕಲ್ಲುಸಂದೀಲಿ ನಿಲ್ಲಿಸಿದ.

"ಈಗ ಹೊಸ ಮಣ್ಣು ಮೆತ್ತಬೇಕು" ಅಂತು ಕಪ್ಪೆ. "ದಾರಿ ಬಿಸಿಲಿಗೆ ನನ್ನ ಕೈ ಸೆಟೆದುಹೋಗಿದೆ. ನೀನೇ ಮೆತ್ತು."

"ಅದೇನು ದೊಡ್ಡ ಕೆಲಸ?" ಅಂದ ಸೂರಪ್ಪ. ಒಂದು ಹಿಡಿ ಮಣ್ಣು ತಗೊಂಡು ಮೆತ್ತಿದ. ಭಾರಕ್ಕೆ ಕಡ್ಡಿ ಬಾಗಿ ಮಣ್ಣು ದೊಪ್ಪನೆ ಬಿತ್ತು. ನೀರು ಬೆರೆಸಿ ಮೆತ್ತಿದ. ಮಜ್ಜಿಗೆ ಥರ ಸುರಿದುಹೋಯ್ತು. ಕೈಯಿಂದ ಅಮುಕಿ ಕೂರಿಸೋಕೆ ಹೋದ. "ಅಯ್ಯೋ, ಮೆಲ್ಲಗೆ!" ಅಂತ ಕಪ್ಪೆ ಚೀರಿಕೊಳ್ತು. "ಅವು ಕೂಸುಗಳು ಕಣಪ್ಪಾ! ಕಿರುಬೆರಳ ತುದೀಲಿ ಒಂದು ಸಾಸಿವೆಯಷ್ಟು ತಗೋ. ಅಂಟಿಸು. ಕಾಯಿ. ಆಮೇಲೆ ಇನ್ನೊಂದು ಸಾಸಿವೆಯಷ್ಟು."

ಮೂವತ್ತು ವರ್ಷ ಮಣ್ಣು ಕಲಸಿದ ಕೈ ಕಿರುಬೆರಳ ತುದಿಗಿಳೀತು. ಸಾಸಿವೆಯಷ್ಟು ಇಟ್ಟ, ಕಾದ. ಸಾಸಿವೆಯಷ್ಟು ಇಟ್ಟ, ಕಾದ. ಹೊತ್ತು ಇಳಿಯೋ ಹೊತ್ತಿಗೆ ಉಂಡೆ ಮುಚ್ಚಿತ್ತು. ಸೂರಪ್ಪ ಸೊಂಟ ಹಿಡ್ಕೊಂಡು ಎದ್ದ. "ಇನ್ನು ನಾನು ಬರ್ತೀನಿ."

"ಎಲ್ಲಿಗೆ? ಮೆತ್ತಿದೋನು ಕೂರಬೇಕು. ಒಣಗದಂಗೆ ನೀರು ಚಿಮುಕಿಸಬೇಕು."

"ಎಷ್ಟು ಹೊತ್ತು?"

"ಹೊತ್ತಲ್ಲ. ದಿನ."

ಕೂತ. ಏನ್ ಮಾಡ್ತಾನೆ ಪಾಪ? ಒಂದು ದಿನ ಕೂತ, ಏಡಿ ಬಂತು, ಓಡಿಸಿದ. ಎರಡು ದಿನ ಕೂತ, ನೀರುಹಾವು ಬಂತು, ಕಡ್ಡಿಗೆ ಎದೆ ಅಡ್ಡ ಕೊಟ್ಟು ಕೂತ. ಜಿಗಣೆ ಕಾಲು ಹತ್ತಿದ್ರೂ ಅಲುಗಾಡಲಿಲ್ಲ. ಹಸಿವಿಗೆ ಕಾಡು ನೇರಳೆ ತಿಂದ. ಬೆರಳು ತೋಯಿಸಿ ತೋಯಿಸಿ ಬಿಳಿಚಿಕೊಂಡ್ವು. ಮೂರನೇ ದಿನ ಉಂಡೆಗೆ ಕಿವಿಯಿಟ್ಟ. ಒಳಗೆ ಏನೋ ಮಿಸುಕಾಡ್ತು. ಸೂರಪ್ಪನ ಎದೆಯೂ ಅದರ ಜೊತೆ ಮಿಸುಕಾಡ್ತು.

"ಬರ್ತಿದಾವೆ ಕಣೋ!" ಅಂದ.

ಆದರೆ ಬರಲಿಲ್ಲ. ಬಿಸಿಲು ನೆತ್ತಿಗೆ ಬಂದ್ರೂ ಬರಲಿಲ್ಲ. ಕಪ್ಪೆ ಉಂಡೆ ಸುತ್ತ ಮೂರು ಸಲ ತಡವಿ ನೋಡ್ತು. ಆಮೇಲೆ ಸಣ್ಣ ದನೀಲಿ ಅಂತು, "ನೀನು ಮಡಕೆ ಮೆತ್ತಿದಂಗೆ ಮೆತ್ತಿಬಿಟ್ಟಿದೀಯ. ನಂದು ಒದ್ದರೆ ಒಡೆಯೋ ಮಣ್ಣು. ನಿಂದು ಒಡೆಯೋದಿಲ್ಲ. ಒಳಗೇ ಸಿಕ್ಕಿಬಿದ್ದಿದಾವೆ."

ಸೂರಪ್ಪನಿಗೆ ಅಳು ಬಂತು. ನಾಚಿಕೆಪಡದೆ ಅತ್ತ. ತನ್ನ ಕೈ ಗಟ್ಟಿ ಅಂತ ಅವತ್ತು ಮೊದಲ ಸಲ ಅವನಿಗೆ ಬೇಜಾರಾಯ್ತು. ಕಿರುಬೆರಳು ನೀರಿಗದ್ದಿ, ಉಗುರಂಚಿಂದ ಮೆತ್ತಿದ್ದನ್ನೆಲ್ಲ ಒಂದೊಂದು ಸಾಸಿವೆಯಷ್ಟೇ ಬಿಡಿಸ್ತಾ ಬಂದ. ಹೆಚ್ಚು ಒತ್ತಿದ್ರೆ ಮಕ್ಕಳು ಹೋಗ್ತಾವೆ. ತಡ ಮಾಡಿದ್ರೂ ಹೋಗ್ತಾವೆ. "ಒಡಿಯಪ್ಪಾ, ಒಡಿ. ಒಡೆದುಹೋಗು ನನ್ನಪ್ಪ" ಅಂತ ಅಂಗಲಾಚಿದ. ಯಾವ ಕುಂಬಾರ ತನ್ನ ಕೈಕೆಲಸಾನ ಹಿಂಗೆ ಹರಸಿದ್ದಾನೆ ಹೇಳಿ? ಅಷ್ಟು ನಯವಾಗಿ ಅವನು ಯಾವ ಮಡಕೇನೂ ಮಾಡಿರಲಿಲ್ಲ, ಆ ಉಂಡೇನ ಅಷ್ಟು ನಯವಾಗಿ ಕೆಡವಿದ.

ಉಂಡೆ ತಳದಲ್ಲಿ ಒಂದು ತೂತು ಬಿತ್ತು.

ಪುಳಕ್! ಒಂದು ಮರಿ ನೀರಿಗೆ ಬಿತ್ತು, ಬಾಲ ಆಡಿಸ್ತು. ಪುಳಕ್! ಇನ್ನೊಂದು. ಪುಳಕ್, ಪುಳಕ್, ಪುಳಕ್! ಸೂರಪ್ಪ ಮೊಣಕಾಲುದ್ದ ನೀರಲ್ಲಿ ಕುಣಿಯೋಕೆ ಶುರು ಮಾಡ್ದ.

ಅಷ್ಟರಲ್ಲಿ ಪುಟ್ಟೀರಿ ಬಂದ್ಲು. ಒಂದು ಕಂಕುಳಲ್ಲಿ ಮಗಳು, ಇನ್ನೊಂದು ಕೈಲಿ ಬುತ್ತಿ ಗಂಟು.

"ಪುಟ್ಟೀರೀ, ನೋಡೇ! ನಮ್ಮ ಮಕ್ಕಳು!"

"ನಮ್ಮ ಮಕ್ಕಳಾ?" ಅಂದ್ಲು ಪುಟ್ಟೀರಿ, ನೀರಲ್ಲಿ ಬಾಲ ಆಡಿಸೋ ಮರಿಗಳ್ನ ನೋಡ್ತಾ. "ಚೆಂದಾಗಿದಾವೆ. ಮೂತಿ ನಿನ್ನ ಥರಾನೇ ಇದೆ."

"ಆವಿಗೆ ಏನಾಯ್ತೇ?"

"ನಾನೇ ಉರಿಸ್ದೆ. ಒಂದೂ ಬಿರಿದಿಲ್ಲ. ಮದುವೆಮನೆಯೋರು ಮತ್ತೆ ಬಂದು ಬಾರಿಸಿ ನೋಡಿ, ಮಡಕೆ ಹೊತ್ಕೊಂಡು ಹೋದ್ರು." ಅವಳು ಕಪ್ಪೆ ಕಡೆ ತಿರುಗಿದ್ಲು. "ಅಲ್ಲಣ್ಣಾ, ಕುಂಬಾರಣ್ಣಾ, ನಮ್ಮ ಯಜಮಾನನ ಕೈ ಹೆಂಗಿದೆ?"

ಕಪ್ಪೆ ಗಂಟಲು ಉಬ್ಬಿಸಿ ಯೋಚನೆ ಮಾಡ್ತು. "ಒರಟಿತ್ತು. ಈಗ ಪರವಾಗಿಲ್ಲ. ಕೂಸು ಕಾಯೋಕೆ ಸಾಕು."

"ನಂಗೂ ಅದೇ ಬೇಕಾಗಿತ್ತು" ಅಂದ್ಲು ಪುಟ್ಟೀರಿ. ಗಂಡನ್ನ ಕಲ್ಲ ಮೇಲೆ ಕೂರಿಸಿದ್ಲು. ಮಗಳನ್ನ ಅವನ ತೊಡೆ ಮೇಲಿಟ್ಟಳು. ಪಕ್ಕದಲ್ಲಿ ಬುತ್ತಿ ಗಂಟು ಇಟ್ಟಳು. "ಇದರಲ್ಲಿ ನಿಂಗೆ ಮುದ್ದೆ ಇದೆ, ಅವಳಿಗೆ ಗಂಜಿ ಇದೆ. ನಾನು ನಮ್ಮವ್ವನ ಮನೆಗೆ ಹೋಗ್ಬರ್ತೀನಿ."

"ಯಾವಾಗ ಬರ್ತೀಯೇ?"

"ಈ ಮರಿಗಳ ಅವ್ವನ್ನ ಯಾರಾದ್ರೂ ಹಂಗೆ ಕೇಳಿದ್ರಾ?"

ಅಷ್ಟಂದು ಸೆರಗು ಕೊಡವಿ, ಹಾಡ್ಕೊಂಡು, ಕಾಡುದಾರಿ ಹಿಡಿದ್ಲು. ಸೂರಪ್ಪ ಮಗಳ ಮುಖ ನೋಡ್ದ. ಮಗಳು ಅಪ್ಪನ ಮುಖ ನೋಡಿದ್ಲು. ನಕ್ಕಳು. ಆಮೇಲೆ ತೊಡೆಯೆಲ್ಲ ಬೆಚ್ಚಗಾಗೋಹಂಗೆ ಉಚ್ಚೆ ಹೊಯ್ದಳು.

"ಅಯ್ಯಯ್ಯೋ, ಏನ್ ಮಾಡ್ಲೋ ಈಗ?" ಅಂತ ಸೂರಪ್ಪ ಕಪ್ಪೇನ ಕೇಳ್ದ.

"ಒದ್ದೆಯಿದ್ರೇ ಒಳ್ಳೇದು" ಅಂತು ಕಪ್ಪೆ. "ಒಣಗಿದ್ರೆ ತಾನೇ ಕಷ್ಟ?"

ಪುಟ್ಟೀರಿ ದಾರಿ ಅವಳು ಹಿಡಿದ್ಲು, ಕತೆ ದಾರಿ ಕತೆ ಹಿಡೀತು, ನನ್ನ ಬಾಯಿ ಎಲೆ ಅಡಿಕೆ ಹಿಡೀತು. ಏಳ್ರವ್ವಾ, ನೀವು ಕೈ ಬೀಸ್ಕೊಂಡು ಮನೆಗೆ ನಡೀರಿ. ಗಂಡಸ್ರೇ, ನೀವು ಸ್ವಲ್ಪ ನಿಲ್ಲಿ. ಅಲ್ಲಿ ನಿದ್ದೆ ಹೋಗಿರೋ ಕೂಸುಗಳ್ನ ಎತ್ಕೊಂಡು ಹೋಗೋರು ಯಾರು?